ರಸಮಟ್ಟ ಹಿಡಿದ ಸೆನೆಕಾ: ಗಲೀನಾದ ಸುಂಕದ ಕಚೇರಿ ಕಟ್ಟಿಸಿದವರ ಕತೆ

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಗಲೀನಾ ಅಂತ ಒಂದು ಪುಟ್ಟ ಊರಿದೆ. ಅಲ್ಲಿನ ಗ್ರೀನ್ ಸ್ಟ್ರೀಟಿನಲ್ಲಿ ಕಲ್ಲಿನ ಅಂಚೆ ಕಚೇರಿ ಒಂದಿದೆ. 1857ರಲ್ಲಿ ಕೆಲಸ ಶುರುವಾಗಿ 1859ರಲ್ಲಿ ಎದ್ದು ನಿಂತ ಕಟ್ಟಡ. ಮೊದಲು ಅದು ಅಂಚೆಗೂ ಸುಂಕಕ್ಕೂ ಸೇರಿಸಿ ಕಟ್ಟಿದ ಸರ್ಕಾರಿ ಕಚೇರಿಯಾಗಿತ್ತು. ಸುಂಕ ಯಾವತ್ತೋ ಹೋಯಿತು, ಅಂಚೆ ಉಳಿಯಿತು. ಈಗಲೂ ಅಲ್ಲಿ ಜನ ಪಾರ್ಸೆಲ್ ತೂಗಿಸಿ ಕಳಿಸುತ್ತಾರೆ.

ಆ ಗೋಡೆಗಳನ್ನು ಸೈಟಿನಲ್ಲಿ ನಿಂತು ಕಟ್ಟಿಸಿದವರು ಈಲಿ ಸ್ಯಾಮ್ಯುಯೆಲ್ ಪಾರ್ಕರ್. ನ್ಯೂಯಾರ್ಕ್ ರಾಜ್ಯದ ಟೊನವಾಂಡಾ ಸೆನೆಕಾ ಎಂಬ ಮೂಲನಿವಾಸಿ ಜನಾಂಗದವರು. ಆಗ ಅವರ ವಯಸ್ಸು 29. ಅಮೆರಿಕದ ಪೌರರಲ್ಲ. ಪೌರರಲ್ಲ ಎಂಬ ಒಂದೇ ಕಾರಣಕ್ಕೆ ವಕೀಲರಾಗಲು ಬಿಡದ ದೇಶ, ತನ್ನ ಖಜಾನೆ ಇಲಾಖೆಯ ಕಟ್ಟಡದ ಉಸ್ತುವಾರಿಯನ್ನು ಅವರ ಕೈಗೆ ಕೊಟ್ಟಿತ್ತು.

ಇದು ಹೇಗೆ ಆಯಿತು? ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದದ್ದು ಯಾಕೆ? ಈ ಬರಹ ಹಿಡಿದು ಹೊರಟಿರುವುದು ಈ ಪ್ರಶ್ನೆಯನ್ನು. ಪಾರ್ಕರ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಅಂತರ್ಯುದ್ಧಕ್ಕೆ ಜಿಗಿದುಬಿಡುತ್ತಾರೆ. ಗಲೀನಾಕ್ಕೆ ಎರಡು ಸಾಲು ಸಿಕ್ಕರೆ ಹೆಚ್ಚು. ನನಗೆ ಅವರ ಬದುಕಿನ ಕೀಲು ಇರುವುದೇ ಗಲೀನಾದಲ್ಲಿ ಅನಿಸುತ್ತದೆ.

ಕಾನೂನಿನಿಂದ ಕಾಲುವೆಗೆ

ಪಾರ್ಕರ್ ಹುಟ್ಟಿದ್ದು 1828ರಲ್ಲಿ, ಟೊನವಾಂಡಾ ಮೀಸಲು ಪ್ರದೇಶದಲ್ಲಿ. ಸೆನೆಕಾ ಹೆಸರು ಹಸನೋವಾಂಡಾ. ಇರೊಕ್ವಾ ಒಕ್ಕೂಟದ ಆರು ಜನಾಂಗಗಳಲ್ಲಿ ಸೆನೆಕಾ ಒಂದು. ಆ ಒಕ್ಕೂಟ ತನ್ನನ್ನು ಒಂದು ಉದ್ದನೆಯ ಮನೆಗೆ ಹೋಲಿಸಿಕೊಳ್ಳುತ್ತದೆ. ಆ ಮನೆಯ ಪಡುವಣ ಬಾಗಿಲು ಕಾಯುವವರು ಸೆನೆಕಾ ಜನ.

ಹುಡುಗನಾಗಿದ್ದಾಗ ಮಿಷನ್ ಶಾಲೆ, ಆಮೇಲೆ ಬಿಳಿಯರ ಅಕಾಡೆಮಿಗಳು. ಇಂಗ್ಲಿಷ್ ಚೆನ್ನಾಗಿ ಬಂದ ಕೂಡಲೇ ಊರಿನ ಹಿರಿಯರು ಅವರನ್ನು ಜೊತೆಯಲ್ಲಿ ರಾಜ್ಯದ ರಾಜಧಾನಿ ಆಲ್ಬನಿಗೆ, ವಾಷಿಂಗ್ಟನ್‌ಗೆ ಕರೆದೊಯ್ಯಲು ಶುರುಮಾಡಿದರು. ಇನ್ನೂ ಮೀಸೆ ಮೂಡದ ಹುಡುಗ ತನ್ನ ಜನರ ಪರವಾಗಿ ಅಧಿಕಾರಿಗಳೆದುರು ದುಭಾಷಿಯಾಗಿ ಕೂತ. ಮಾತೆಲ್ಲ ಒಂದೇ ವಿಷಯಕ್ಕೆ: ಜಮೀನು.

ಅದರ ಹಿನ್ನೆಲೆ ಹೇಳಿಬಿಡುತ್ತೇನೆ. 1838ರಲ್ಲಿ ಬಫಲೋ ಕ್ರೀಕ್ ಒಪ್ಪಂದ ಅಂತ ಒಂದಾಯಿತು. ನ್ಯೂಯಾರ್ಕಿನ ಸೆನೆಕಾ ಜನ ತಮ್ಮ ನೆಲ ಬಿಟ್ಟು ದೂರದ ಕಾನ್ಸಾಸ್ ಕಡೆಗೆ ಹೋಗಬೇಕು, ನೆಲ ಆಗ್ಡನ್ ಲ್ಯಾಂಡ್ ಕಂಪನಿಗೆ ಸೇರಬೇಕು ಎಂಬುದು ಅದರ ತಿರುಳು. ಲಂಚ ಕೊಟ್ಟು, ಒತ್ತಡ ಹಾಕಿ ಸಹಿ ಹಾಕಿಸಿಕೊಂಡ ಒಪ್ಪಂದ ಅದು. 1842ರಲ್ಲಿ ಒಂದು ರಾಜಿ ಆಯಿತು. ಕೆಲವು ಮೀಸಲು ಪ್ರದೇಶಗಳು ಸೆನೆಕಾಗಳಿಗೆ ವಾಪಸ್ ಬಂದವು. ಬಫಲೋ ಕ್ರೀಕ್, ಟೊನವಾಂಡಾ ಎರಡೂ ಬರಲಿಲ್ಲ. ಟೊನವಾಂಡಾದ ಹಿರಿಯರು ಆ ಒಪ್ಪಂದವನ್ನೂ ಒಪ್ಪಿರಲಿಲ್ಲ, ರಾಜಿಯನ್ನೂ ಒಪ್ಪಿರಲಿಲ್ಲ. ಆದರೂ ಅವರ ನೆಲ ಕಾಗದದ ಮೇಲೆ ಕಂಪನಿಯದಾಗಿತ್ತು.

ಈ ಜಗಳ ಕೋರ್ಟಿನಲ್ಲೇ ತೀರಬೇಕು ಅಂತ ಗೊತ್ತಾಗಿ ಪಾರ್ಕರ್ ಕಾನೂನು ಓದಲು ಹೊರಟರು. ನ್ಯೂಯಾರ್ಕಿನ ಎಲಿಕಾಟ್‌ವಿಲ್ ಎಂಬಲ್ಲಿ ವಕೀಲರ ಕಚೇರಿ ಸೇರಿ ಕಲಿತರು. ಕಲಿಕೆಗೆ ಕೊರತೆ ಇರಲಿಲ್ಲ. ಆದರೆ ನ್ಯೂಯಾರ್ಕಿನಲ್ಲಿ ವಕೀಲಿಕೆ ಮಾಡಲು ಪೌರತ್ವ ಬೇಕು. ಸೆನೆಕಾ ಪೌರರಲ್ಲ. ಅಲ್ಲಿಗೆ ಮುಗಿಯಿತು.

ಆಗ ನೆರವಿಗೆ ಬಂದವರು ಗೆಳೆಯ ಲೂಯಿಸ್ ಹೆನ್ರಿ ಮಾರ್ಗನ್. ಆಲ್ಬನಿಯ ಪುಸ್ತಕದಂಗಡಿಯೊಂದರಲ್ಲಿ ಪರಿಚಯವಾದವರು. ಮುಂದೆ ಮಾನವಶಾಸ್ತ್ರದಲ್ಲಿ ದೊಡ್ಡ ಹೆಸರಾದರು. ಇರೊಕ್ವಾ ಜನರ ಬಗ್ಗೆ ಮಾರ್ಗನ್ 1851ರಲ್ಲಿ ತಂದ ಗ್ರಂಥಕ್ಕೆ ಮಾಹಿತಿಯ ಬೆನ್ನೆಲುಬಾಗಿ ನಿಂತವರು ಪಾರ್ಕರ್. ಅದು ಅರ್ಪಣೆಯಾಗಿರುವುದೂ ಅವರಿಗೇ. ಮಾರ್ಗನ್ ನೆರವಿನಿಂದ ಕಾಲುವೆ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಮೊದಲು ಜೆನೆಸೀ ಕಣಿವೆಯ ಕಾಲುವೆ, ಆಮೇಲೆ ರಾಚೆಸ್ಟರ್‌ನಲ್ಲಿ ಈರಿ ಕಾಲುವೆ.

ಈರಿ ಕಾಲುವೆ 1825ರಲ್ಲಿ ತೆರೆದಿತ್ತು. ಉದ್ದ 363 ಮೈಲಿ. ಮೊದಲಿಗೆ ಮೇಲ್ಭಾಗದಲ್ಲಿ 40 ಅಡಿ ಅಗಲ, 4 ಅಡಿ ಆಳ. ದೋಣಿಗಳು ಜಾಸ್ತಿಯಾದಂತೆ ಅದನ್ನು 70 ಅಡಿ ಅಗಲಕ್ಕೆ, 7 ಅಡಿ ಆಳಕ್ಕೆ ಹಿಗ್ಗಿಸುವ ಕೆಲಸ ನಡೆಯುತ್ತಿತ್ತು. ಪಾರ್ಕರ್ ಅಲ್ಲಿ ಕೆಳಗಿನ ಮೆಟ್ಟಿಲಿಂದ ಎಂಜಿನಿಯರ್ ಹುದ್ದೆಯವರೆಗೆ ಬಂದರು. ಅಳೆಯುವುದು, ಮಟ್ಟ ತೆಗೆಯುವುದು, ನಕ್ಷೆ ಬರೆಯುವುದು, ಗುತ್ತಿಗೆದಾರನ ಬಿಲ್ಲು ತಾಳೆ ನೋಡುವುದು, ಎಲ್ಲ ಕೈಗೆ ಬಂತು. ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಬಿಳಿಯ ವಲಸಿಗರನ್ನು ದಂಡುದಂಡಾಗಿ ಪಶ್ಚಿಮ ನ್ಯೂಯಾರ್ಕಿಗೆ ತಂದು ಸೆನೆಕಾ ನೆಲದ ಬೆಲೆ ಏರಿಸಿದ್ದೇ ಈ ಕಾಲುವೆ. ಅದನ್ನೇ ಅಗಲ ಮಾಡುವ ಕೆಲಸದಲ್ಲಿ ಒಬ್ಬ ಸೆನೆಕಾ ತನ್ನ ಅನ್ನದ ವಿದ್ಯೆ ಕಲಿತ. ಹೊಟ್ಟೆಪಾಡು ಯಾರನ್ನು ಎಲ್ಲಿ ತಂದು ನಿಲ್ಲಿಸುತ್ತದೆ ನೋಡಿ.

1851ರಲ್ಲಿ, ಇನ್ನೂ 23ರ ವಯಸ್ಸಿನಲ್ಲಿ, ಟೊನವಾಂಡಾದ ಜನ ಅವರಿಗೆ ಡೊನೆಹೊಗಾವಾ ಎಂಬ ಪಟ್ಟ ಕಟ್ಟಿದರು. ಪಡುವಣ ಬಾಗಿಲು ಕಾಯುವ ನಾಯಕನ ಪಟ್ಟ ಅದು. ರಾಚೆಸ್ಟರ್‌ನಲ್ಲಿ ಹಗಲು ಕಾಲುವೆಯ ಎಂಜಿನಿಯರ್, ತನ್ನ ಜನರ ಸಭೆಯಲ್ಲಿ ಅವರ ನಾಯಕ. ಎರಡೂ ಕೆಲಸ ಒಟ್ಟಿಗೆ ಸಾಗಿದವು.

ಗಲೀನಾದ ಕೆಲಸ

1857ರಲ್ಲಿ ಖಜಾನೆ ಇಲಾಖೆ ಪಾರ್ಕರ್ ಅವರನ್ನು ಗಲೀನಾಕ್ಕೆ ಕಟ್ಟಡ ಮೇಲ್ವಿಚಾರಕರಾಗಿ ಕಳಿಸಿತು. ಕೆಲಸ ಎರಡು. ಒಂದು ಸುಂಕ ಮತ್ತು ಅಂಚೆ ಕಚೇರಿ. ಇನ್ನೊಂದು ದೋಣಿ ಕೆಲಸದವರಿಗೆ ಆಸ್ಪತ್ರೆ. ಮುಂದೆ ಮಿಸಿಸಿಪ್ಪಿ ನದಿಯ ಆಚೆ ದಡದ ಡುಬ್ಯೂಕ್ ಊರಿನ ಸುಂಕದ ಕಚೇರಿಯೂ ಅವರ ಪಾಲಿಗೆ ಬಂತು.

ಕಡಲಿಂದ ಅಷ್ಟು ದೂರದ ಊರಿಗೆ ಸುಂಕದ ಕಚೇರಿ ಯಾಕೆ ಅಂತ ಕೇಳಬಹುದು. ಬೆಂಗಳೂರಿನ ಸುಂಕದಕಟ್ಟೆ ಹೆಸರು ಕೇಳಿದವರಿಗೆ ಇದು ಬೇಗ ಹೊಳೆಯುತ್ತದೆ. ಸರಕು ಹಾದುಹೋಗುವ ದಾರಿ ಇದ್ದಲ್ಲಿ ಸುಂಕದವರು ಇರುತ್ತಾರೆ. ಇಲ್ಲಿ ದಾರಿ ಅಂದರೆ ನದಿ. ಆ ಕಾಲದಲ್ಲಿ ಅಮೆರಿಕದ ಕೇಂದ್ರ ಸರ್ಕಾರಕ್ಕೆ ಆದಾಯ ತೆರಿಗೆ ಇರಲಿಲ್ಲ. ಬೊಕ್ಕಸ ತುಂಬುತ್ತಿದ್ದದ್ದು ಮುಖ್ಯವಾಗಿ ಸುಂಕದಿಂದಲೇ. ಸರ್ಕಾರಿ ಕಟ್ಟಡಗಳು ಖಜಾನೆ ಇಲಾಖೆಯ ಕೈಯಲ್ಲಿ ಇದ್ದದ್ದೂ ಅದಕ್ಕೇ.

ಗಲೀನಾ ಅನ್ನುವುದು ಸೀಸದ ಅದಿರಿನ ಹೆಸರು. ಊರು ಬೆಳೆದದ್ದೂ ಸೀಸದ ಗಣಿಗಳಿಂದ. 1845ರಲ್ಲಿ ಆ ಸೀಮೆಯಿಂದ ಹೊರಟ ಸೀಸ 5 ಕೋಟಿ ಪೌಂಡಿಗೂ ಜಾಸ್ತಿ. ಗುಡ್ಡದ ಮರ ಕಡಿದು ಕುಲುಮೆಗೆ ಹಾಕಿದರು, ಸೀಸ ಕರಗಿಸಿ ದೋಣಿಗೆ ತುಂಬಿದರು. ಆದರೆ ಮರ ಹೋದ ಗುಡ್ಡದ ಮಣ್ಣು ಮಳೆಗೆ ಕೊಚ್ಚಿ, ಮಿಸಿಸಿಪ್ಪಿಯ ಉಪನದಿಯಾದ ಊರಿನ ನದಿಗೆ ಇಳಿಯಿತು. ನದಿಯಲ್ಲಿ ಹೂಳು ತುಂಬತೊಡಗಿತು. 1854ರಲ್ಲಿ ರೈಲು ಬಂತು. ಮರುವರ್ಷವೇ ಡುಬ್ಯೂಕ್ ಎದುರಿನ ದಡಕ್ಕೆ ಮುಂದೆ ಹೋಯಿತು. ವ್ಯಾಪಾರವೂ ಅದರ ಹಿಂದೆ ನಡೆಯಿತು. ಹೀಗೆ, ಊರಿನ ಬಂದರು ಇಳಿಮುಖವಾಗುತ್ತಿದ್ದ ಹೊತ್ತಿಗೆ ಸರಿಯಾಗಿ ಸರ್ಕಾರ ಅಲ್ಲಿ ಕಲ್ಲಿನ ಸುಂಕದ ಕಚೇರಿ ಕಟ್ಟಲು ಕೈಹಾಕಿತು. 1857ರಲ್ಲೇ ದೇಶದಲ್ಲಿ ದೊಡ್ಡ ಹಣಕಾಸು ಕುಸಿತವೂ ಆಯಿತು. ಜಾಗ ಆರಿಸಿದವರು ಪಾರ್ಕರ್ ಅಲ್ಲ. ಆರಿಸಿದ ಜಾಗದಲ್ಲಿ ಕೆಲಸ ನೆಟ್ಟಗೆ ಮಾಡಿಸುವುದಷ್ಟೇ ಅವರ ಪಾಲಿನದು.

ನಕ್ಷೆಯೂ ಅವರದಲ್ಲ. ಖಜಾನೆ ಇಲಾಖೆಯ ಮೇಲ್ವಿಚಾರಕ ವಾಸ್ತುಶಿಲ್ಪಿ ಅಮ್ಮಿ ಯಂಗ್ ವಾಷಿಂಗ್ಟನ್‌ನಲ್ಲಿ ಕೂತು ದೇಶದ ಹತ್ತಾರು ಊರುಗಳಿಗೆ ಒಂದೇ ಅಚ್ಚಿನ ಕಟ್ಟಡಗಳನ್ನು ಬರೆಯುತ್ತಿದ್ದರು. ಇಟಲಿಯ ಸಾಹುಕಾರರ ಮನೆಗಳ ಮಾದರಿ. ಚೌಕಟ್ಟಾದ ಮೈ, ಸಾಲು ಕಿಟಕಿ, ಮೇಲೆ ಚಾಚಿದ ಸೂರಂಚು. ನಕ್ಷೆಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಊರೂರಿಗೆ ಕಳಿಸುತ್ತಿದ್ದರು. ಕಚೇರಿಯ ಆಡಳಿತ ಸೇನೆಯ ಎಂಜಿನಿಯರ್ ಕ್ಯಾಪ್ಟನ್ ಅಲೆಕ್ಸಾಂಡರ್ ಬೌಮನ್ ಅವರದು.

ಹಾಗಾದರೆ ಮೇಲ್ವಿಚಾರಕನಿಗೆ ಏನು ಉಳಿಯಿತು? ಸರ್ಕಾರಿ ಕೆಲಸದ ಸೈಟಿನಲ್ಲಿ ನಿಂತು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲ ಉಳಿಯಿತು. ನಕ್ಷೆ ಬರೆದವರಿಗೆ ಆ ನೆಲ ಗೊತ್ತಿಲ್ಲ. ಪಾಯ ಎಷ್ಟು ಆಳ ಹೋದರೆ ಗಟ್ಟಿ ಸಿಗುತ್ತದೆ, ಕಲ್ಲು ಎಲ್ಲಿಂದ ತರಬೇಕು, ಚಳಿಗಾಲಕ್ಕೆ ಮೊದಲು ಗಾರೆ ಕೆಲಸ ಎಲ್ಲಿಗೆ ನಿಲ್ಲಿಸಬೇಕು, ಗುತ್ತಿಗೆದಾರ ಹಾಕಿದ ಲೆಕ್ಕದಲ್ಲಿ ಎಷ್ಟು ಕಲ್ಲು ಗೋಡೆಯಲ್ಲಿ ನಿಜವಾಗಿ ಇದೆ, ಇವೆಲ್ಲ ಸ್ಥಳದಲ್ಲಿ ಇರುವವರ ತಲೆನೋವು. ಗಲೀನಾದ ಮಟ್ಟಿಗೆ ನೀರು ಹೆಪ್ಪುಗಟ್ಟುವ ಚಳಿ ದೊಡ್ಡ ಮಾತು. ಹಸಿ ಗಾರೆಯೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕೀಲು ಬಿಡುತ್ತದೆ. ಅದೇ ಚಳಿಗೆ ನದಿಯೂ ಕಟ್ಟಿಹೋಗುತ್ತದೆ, ದೋಣಿ ಬರುವುದಿಲ್ಲ.

ದೋಣಿ ಬಾರದಿದ್ದರೆ ಇಲ್ಲಿ ಕಲ್ಲೂ ಇಲ್ಲ. ಅಂಚೆ ಕಚೇರಿಯ ಸುಣ್ಣಕಲ್ಲು ಬಂದದ್ದು ಮಿಸಿಸಿಪ್ಪಿಯ ಕೆಳಹರಿವಿನಲ್ಲಿರುವ ನಾವೂ ಊರಿನ ಕಡೆಯಿಂದ. ಮಾರ್ಮನ್ ಪಂಥದವರು ಕಟ್ಟಿ, 1846ರಲ್ಲಿ ಬಿಟ್ಟುಹೋದ ಊರು ಅದು. ಅಲ್ಲಿಂದ ಹೊರೆ ಹೊತ್ತ ದೋಣಿ ಹರಿವಿಗೆ ಎದುರಾಗಿ ಬರಬೇಕು, ಆಮೇಲೆ ಹೂಳು ತುಂಬಿದ ಉಪನದಿಗೆ ತಿರುಗಬೇಕು.

ಕಲ್ಲು ಇಳಿದ ಮೇಲೆ ಆಗುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸುಣ್ಣಕಲ್ಲು ಪದರಪದರವಾಗಿ ಹುಟ್ಟಿದ ಕಲ್ಲು. ಗಣಿಯಲ್ಲಿ ಅದು ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೇ ಮಲಗಿಸಬೇಕು. ನಿಲ್ಲಿಸಿ ಇಟ್ಟರೆ ನಾಲ್ಕು ಚಳಿಗಾಲದಲ್ಲಿ ಮೈ ಸಿಪ್ಪೆಯ ಹಾಗೆ ಏಳುತ್ತದೆ. ಕಲ್ಲುಕುಟಿಗ ಸುತ್ತಿಗೆಯಿಂದ ತಟ್ಟಿ ನೋಡುತ್ತಾನೆ. ಗಟ್ಟಿ ಕಲ್ಲು ಗಂಟೆಯ ಹಾಗೆ ಠಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ದನಿ ಬೊದ್ದು. ಬೊದ್ದು ಅಂದ ಕಲ್ಲನ್ನು ಬದಿಗಿಡಿಸುವುದು ಮೇಲ್ವಿಚಾರಕನ ಕೆಲಸ. ಅಷ್ಟು ದೂರದಿಂದ ತಂದ ಕಲ್ಲನ್ನು ಬೇಡ ಅಂದರೆ ಗುತ್ತಿಗೆದಾರ ಸುಮ್ನೆ ಇರುತ್ತಾನಾ? ಅಲ್ಲಿ ಗಟ್ಟಿಯಾಗಿ ನಿಲ್ಲಬೇಕು.

ಯಂಗ್ ಅವರ ಆ ಕಾಲದ ಕಟ್ಟಡಗಳ ಇನ್ನೊಂದು ವಿಶೇಷ, ಬೆಂಕಿಗೆ ಬಗ್ಗಬಾರದು ಎಂಬ ಹಟ. ಸುಂಕದ ದಾಖಲೆ ಎಲ್ಲ ಕಾಗದ. ಹಾಗಾಗಿ ಮರದ ತೊಲೆ ಬಿಟ್ಟು ಕಬ್ಬಿಣದ ತೊಲೆ ಹಾಕಿದರು. ತೊಲೆಯಿಂದ ತೊಲೆಗೆ ಇಟ್ಟಿಗೆಯ ಸಣ್ಣ ಕಮಾನು ತಿರುಗಿಸಿ, ಮೇಲೆ ತುಂಬಿ, ಮಟ್ಟ ಮಾಡಿ ನೆಲ ಹಾಕುವುದು. ನಮ್ಮಲ್ಲೂ ಹಳೆಯ ಕಚೇರಿಗಳಲ್ಲಿ ತಲೆ ಎತ್ತಿ ನೋಡಿದರೆ ಇಂಥದೇ ಜ್ಯಾಕ್ ಆರ್ಚ್ ಮಾಳಿಗೆ ಕಾಣುತ್ತದೆ. ನೋಡಲು ಸುಲಭ. ಆದರೆ ಕಮಾನು ಯಾವಾಗಲೂ ಪಕ್ಕಕ್ಕೆ ತಳ್ಳುತ್ತಿರುತ್ತದೆ. ನಡುವಿನ ತೊಲೆಗೆ ಎರಡೂ ಕಡೆಯಿಂದ ತಳ್ಳು ಬಿದ್ದು ಸರಿಹೋಗುತ್ತದೆ. ಕೊನೆಯ ಕಮಾನಿನ ತಳ್ಳು ನೇರ ಗೋಡೆಗೆ. ಅಲ್ಲಿ ಕಬ್ಬಿಣದ ಸರಳಿನಿಂದ ತೊಲೆಗಳನ್ನು ಬಿಗಿದು ಹಿಡಿಯದಿದ್ದರೆ ಗೋಡೆ ಹೊಟ್ಟೆ ಬಿಡುತ್ತದೆ. ಗೋಡೆ ಹೊಟ್ಟೆ ಬಿಟ್ಟಿತೆಂದರೆ ಯಾವ ನಕ್ಷೆಯೂ ಕಾಪಾಡುವುದಿಲ್ಲ.

ಆಸ್ಪತ್ರೆಯ ಕತೆ ಬೇರೆ. 1798ರ ಕಾಯ್ದೆಯಂತೆ ನಾವಿಕರ ಸಂಬಳದಿಂದ ತಿಂಗಳಿಗೆ 20 ಸೆಂಟ್ ಹಿಡಿದುಕೊಂಡು ಅವರ ಚಿಕಿತ್ಸೆಗೆ ಬಳಸುತ್ತಿದ್ದರು. ಮುಂದೆ ಇದು ನದಿಯ ದೋಣಿಯವರಿಗೂ ಬಂತು. ಆ ವ್ಯವಸ್ಥೆಯ ಭಾಗವಾಗಿ ಗಲೀನಾದ ಗುಡ್ಡದ ಮೇಲೆ ಆಸ್ಪತ್ರೆ ಎದ್ದಿತು. ಆದರೆ ನದಿಯ ವ್ಯಾಪಾರವೇ ಇಳಿದ ಮೇಲೆ ರೋಗಿಗಳು ಎಲ್ಲಿಂದ ಬರಬೇಕು? ಅದು ಹೆಚ್ಚು ಕಾಲ ಆಸ್ಪತ್ರೆಯಾಗಿ ನಡೆಯಲಿಲ್ಲ. ಕಟ್ಟಡದ ತಪ್ಪಲ್ಲ.

ಅದೇ ವರ್ಷ, ಇನ್ನೊಂದು ಅಳತೆ

1857ನ್ನು ಗಲೀನಾದಿಂದ ಮಾತ್ರ ನೋಡಿದರೆ ಅರ್ಧವೇ ಕಾಣುತ್ತದೆ. ಆ ವರ್ಷದ ಮಾರ್ಚಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಟೊನವಾಂಡಾದ ಜಾನ್ ಬ್ಲ್ಯಾಕ್‌ಸ್ಮಿತ್ ಎಂಬ ನಾಯಕರನ್ನು ಆಗ್ಡನ್ ಕಡೆಯವರು ಅವರದೇ ಮರ ಕೊಯ್ಯುವ ಗಿರಣಿಯಿಂದ ಬಲವಂತವಾಗಿ ಹೊರಹಾಕಿದ್ದರು. ಕೇಸು ವರ್ಷಗಟ್ಟಲೆ ಎಳೆಯಿತು. ಬ್ಲ್ಯಾಕ್‌ಸ್ಮಿತ್ ತೀರಿಕೊಂಡರು. ಅವರ ಡೊನೆಹೊಗಾವಾ ಪಟ್ಟವೇ ಪಾರ್ಕರ್‌ಗೆ ಬಂದದ್ದು. ಕೊನೆಗೆ ಕೋರ್ಟು, ಸೆನೆಕಾಗಳನ್ನು ಖಾಸಗಿಯವರು ತಾವಾಗಿ ಒಕ್ಕಲೆಬ್ಬಿಸುವಂತಿಲ್ಲ ಎಂದಿತು. ಗೆಲುವು ಬ್ಲ್ಯಾಕ್‌ಸ್ಮಿತ್ ಕಡೆಗೆ. ಅದೇ ಕೋರ್ಟು ಅದೇ ಮಾರ್ಚಿನಲ್ಲಿ, ಕಪ್ಪು ಜನ ಅಮೆರಿಕದ ಪೌರರಾಗಲಾರರು ಎಂಬ ಡ್ರೆಡ್ ಸ್ಕಾಟ್ ತೀರ್ಪನ್ನೂ ಕೊಟ್ಟಿತು.

ತೀರ್ಪು ಬಂತು ಅಂದಮಾತ್ರಕ್ಕೆ ನೆಲ ಬರಲಿಲ್ಲ. ಒಕ್ಕಲೆಬ್ಬಿಸುವಂತಿಲ್ಲ, ಅಷ್ಟೇ. ಹಕ್ಕುಪತ್ರ ಇನ್ನೂ ಕಂಪನಿಯ ಬಳಿ. ಅದನ್ನು ಬಿಡಿಸಲು ವಕೀಲ ಜಾನ್ ಮಾರ್ಟಿಂಡೇಲ್ ಜೊತೆ ಪಾರ್ಕರ್ ಮತ್ತೆ ಓಡಾಡಿದರು. ಗಲೀನಾದ ಕಲ್ಲಿನ ಕೆಲಸ ಒಂದು ಕಡೆ, ಸೆನೆಕಾ ನೆಲದ ಮಾತುಕತೆ ಇನ್ನೊಂದು ಕಡೆ. 1857ರ ನವೆಂಬರ್ 5ರಂದು ಟೊನವಾಂಡಾದಲ್ಲೇ ಹೊಸ ಒಪ್ಪಂದಕ್ಕೆ ಸಹಿ ಬಿತ್ತು.

ಒಪ್ಪಂದದ ಲೆಕ್ಕ ಹೀಗಿದೆ. ಟೊನವಾಂಡಾದವರು ಪಶ್ಚಿಮದ, ಅಂದರೆ ಕಾನ್ಸಾಸ್ ಕಡೆಯ, ನೆಲದ ಮೇಲಿನ ಹಕ್ಕು ಬಿಟ್ಟುಕೊಡಬೇಕು. ಅದಕ್ಕೆ ಬದಲಾಗಿ ಅವರ ಪಾಲಿಗೆ 2,56,000 ಡಾಲರ್. ಆ ದುಡ್ಡಿನಲ್ಲಿ ತಮ್ಮ ಮೀಸಲು ಪ್ರದೇಶದ 7,549 ಎಕರೆಯನ್ನು ಎಕರೆಗೆ 20 ಡಾಲರ್ ಮೀರದ ಬೆಲೆಗೆ ಆಗ್ಡನ್ ಕಡೆಯವರಿಂದ ವಾಪಸ್ ಕೊಳ್ಳಬಹುದು. ಪೂರ್ತಿ 20 ಡಾಲರ್ ಹಾಕಿ ಗುಣಿಸಿದರೂ ಸುಮಾರು 1,51,000 ಡಾಲರ್. ಮೊದಲಿದ್ದದ್ದು 12,800 ಎಕರೆ. ಅಂದರೆ ಐದು ಪಾಲಿನಲ್ಲಿ ಸುಮಾರು ಮೂರು ಪಾಲು ಉಳಿಯಿತು. ತಮ್ಮದೇ ನೆಲವನ್ನು ತಮ್ಮದೇ ದುಡ್ಡಿನಲ್ಲಿ ಕೊಂಡುಕೊಳ್ಳಬೇಕಾಗಿ ಬಂದದ್ದು ನ್ಯಾಯ ಅಂತ ನಾನು ಹೇಳಲಾರೆ. ಆದರೆ ಜನ ಗಂಟುಮೂಟೆ ಕಟ್ಟಲಿಲ್ಲ. ಟೊನವಾಂಡಾ ಸೆನೆಕಾ ಜನ ಈಗಲೂ ಅದೇ ನೆಲದ ಮೇಲಿದ್ದಾರೆ.

ಬಾಗಿಲು ತೆರೆದದ್ದು ಯಾಕೆ

ರಸಮಟ್ಟ ಹಿಡಿದವನ ಜಾತಿಯನ್ನು ಅದರೊಳಗಿನ ಗುಳ್ಳೆ ಕೇಳುವುದಿಲ್ಲ. ಗೋಡೆ ನೆಟ್ಟಗಿದೆಯೋ ಇಲ್ಲವೋ, ತೂಗುಗುಂಡು ಇಳಿಬಿಟ್ಟರೆ ಗೊತ್ತಾಗುತ್ತದೆ. ವಕೀಲಿಕೆಗೆ ಪೌರತ್ವದ ಷರತ್ತು ಬರೆದಿಟ್ಟಿದ್ದರು. ಎಂಜಿನಿಯರಿಕೆಗೆ ಅಂಥದ್ದು ಇರಲಿಲ್ಲ. ದೇಶದ ತುಂಬ ಕಾಲುವೆ, ರೈಲು, ಸರ್ಕಾರಿ ಕಟ್ಟಡ. ಅಳೆಯಲು ಬಲ್ಲವರು ಕಡಿಮೆ. ಪಾರ್ಕರ್ ಒಳಗೆ ಬಂದದ್ದು ಈ ಸಂದಿಯಿಂದ. ಸರ್ಕಾರದ ಮನಸ್ಸು ದೊಡ್ಡದಾದದ್ದರಿಂದಲ್ಲ.

ಇಷ್ಟೇ ಹೇಳಿ ನಿಲ್ಲಿಸಿದರೂ ತಪ್ಪಾದೀತು. ಗುಳ್ಳೆ ಕೇಳದಿದ್ದರೂ ನೇಮಕ ಮಾಡುವವರು ಕೇಳುತ್ತಾರೆ. ಆ ಕಾಲದಲ್ಲಿ ಸರ್ಕಾರಿ ಕೆಲಸ ಪಕ್ಷದ ಕೃಪೆಯ ಮೇಲೆ ನಿಂತಿತ್ತು. ಸರ್ಕಾರ ಬದಲಾದರೆ ಮೇಲಿಂದ ಕೆಳಗಿನವರೆಗೆ ಜನ ಬದಲಾಗುತ್ತಿದ್ದರು. 1861ರ ಹೊತ್ತಿಗೆ, ಲಿಂಕನ್ ಸರ್ಕಾರ ಬಂದಾಗ, ಪಾರ್ಕರ್ ಅವರ ಖಜಾನೆಯ ಕೆಲಸವೂ ಮುಗಿಯಿತು. ಅವರು ಟೊನವಾಂಡಾಕ್ಕೆ ವಾಪಸ್ ಬಂದು ಹೊಲ ನೋಡಿಕೊಂಡರು.

ಆದರೆ ಗಲೀನಾ ಕೊಟ್ಟದ್ದು ಬರೀ ಸಂಬಳವಲ್ಲ. ಪಾರ್ಕರ್ ಊರಿನಲ್ಲಿ ಬೇರು ಬಿಟ್ಟಿದ್ದರು. ಅಲ್ಲಿನ ಫ್ರೀಮೇಸನ್ ಎಂಬ ಸೋದರ ಸಂಘದಲ್ಲಿ ಮುಂದಾಳಾಗಿದ್ದರು. 1860ರಲ್ಲಿ ಆ ಊರಿಗೆ, ಸೇನೆ ಬಿಟ್ಟು ಹಲವು ಕಸುಬಿನಲ್ಲಿ ಸೋತ ಒಬ್ಬ ಮಾತು ಕಡಿಮೆಯ ಮನುಷ್ಯ ಅಪ್ಪನ ಚರ್ಮದ ಅಂಗಡಿಯಲ್ಲಿ ಕೆಲಸಕ್ಕೆ ಬಂದ. ಹೆಸರು ಯುಲಿಸಿಸ್ ಗ್ರಾಂಟ್. ಇಬ್ಬರಿಗೂ ಸ್ನೇಹವಾಯಿತು. ಊರಿನ ಆಭರಣದ ವ್ಯಾಪಾರಿ ಜಾನ್ ಸ್ಮಿತ್, ವಕೀಲ ಜಾನ್ ರಾಲಿನ್ಸ್ ಕೂಡ ಅದೇ ಗೆಳೆಯರ ಬಳಗ. ಆ ಸಣ್ಣ ಊರಿನಿಂದ ಅಂತರ್ಯುದ್ಧಕ್ಕೆ ಒಂಬತ್ತು ಜನ ಜನರಲ್‌ಗಳು ಹೊರಟರು. ಪಾರ್ಕರ್ ಅವರಲ್ಲಿ ಒಬ್ಬರು.

ಸೇರುವುದಕ್ಕೂ ಅಡ್ಡಿ ಇತ್ತು. ಯುದ್ಧ ಶುರುವಾದಾಗ ಸೇವೆಗೆ ಬರುತ್ತೇನೆ ಅಂದರೆ ನ್ಯೂಯಾರ್ಕಿನ ಗವರ್ನರ್ ಬೇಡ ಅಂದರು. ವಾಷಿಂಗ್ಟನ್‌ನಲ್ಲಿ ವಿದೇಶಾಂಗ ಸಚಿವ ಸಿವಾರ್ಡ್, ಇದು ಬಿಳಿಯರ ಜಗಳ, ನೀವು ಊರಿಗೆ ಹೋಗಿ ಹೊಲ ಉಳಿ ಎಂಬ ಅರ್ಥದ ಮಾತಾಡಿ ಕಳಿಸಿದರು. 1863ರಲ್ಲಿ ಬಾಗಿಲು ತೆಗೆಸಿದ್ದು ಗಲೀನಾದ ಗೆಳೆತನ. ಸ್ಮಿತ್ ಆಗ ಜನರಲ್. ಅವರ ತುಕಡಿಯಲ್ಲಿ ಪಾರ್ಕರ್ ಎಂಜಿನಿಯರ್ ಆದರು. ಮುಂದಿನ ವರ್ಷ, ಆ ಹೊತ್ತಿಗೆ ಉತ್ತರದ ಸೇನೆಯ ಮುಖ್ಯಸ್ಥರಾಗಿದ್ದ ಗ್ರಾಂಟ್ ಅವರ ಮಿಲಿಟರಿ ಕಾರ್ಯದರ್ಶಿ.

1865ರ ಏಪ್ರಿಲ್ 9ರಂದು ಅಪೊಮ್ಯಾಟಕ್ಸ್‌ನಲ್ಲಿ ದಕ್ಷಿಣದ ಸೇನಾಪತಿ ಜನರಲ್ ಲೀ ಶರಣಾದ ದಿನ ಆಡಿದ ಮಾತುಗಳನ್ನು ಎಲ್ಲರೂ ಹೇಳುತ್ತಾರೆ. ನನ್ನ ಕಣ್ಣು ಹೋಗುವುದು ಮೇಜಿನ ಮೇಲಿನ ಮಸಿಯ ಕಡೆಗೆ. ಗ್ರಾಂಟ್ ಷರತ್ತುಗಳನ್ನು ಪೆನ್ಸಿಲ್‌ನಲ್ಲಿ ಬರೆದಿದ್ದರು. ಅದನ್ನು ಮಸಿಯಲ್ಲಿ ಶುದ್ಧಪ್ರತಿ ಮಾಡಬೇಕು. ಹಿರಿಯ ಅಧಿಕಾರಿ ಬೋವರ್ಸ್‌ಗೆ ಕೈ ನಡುಗಿತು. ಕಾಗದ ಪಾರ್ಕರ್ ಕಡೆ ಬಂತು. ಗ್ರಾಂಟ್ ಬಳಗದಲ್ಲಿ ಅವರಷ್ಟು ಚೆಂದದ ಬರಹ ಯಾರದ್ದೂ ಇರಲಿಲ್ಲ. ಮಸಿಕುಡಿಕೆ ಕೊಟ್ಟವರು ಲೀ ಕಡೆಯ ಅಧಿಕಾರಿ ಚಾರ್ಲ್ಸ್ ಮಾರ್ಷಲ್. ಆ ನಡುಗದ ಕೈ ಎಲ್ಲಿ ಪಳಗಿತು ಅಂತ ಯೋಚಿಸಿದರೆ ನನಗೆ ಕಾಣುವುದು ಕಾಲುವೆಯ ಅಳತೆ ಪುಸ್ತಕಗಳು, ಗಲೀನಾದಿಂದ ವಾಷಿಂಗ್ಟನ್‌ಗೆ ಹೋದ ಲೆಕ್ಕಪತ್ರಗಳು.

ಆಮೇಲಿನದನ್ನು ಬೇಗ ಹೇಳುತ್ತೇನೆ. 1869ರಲ್ಲಿ ಗ್ರಾಂಟ್ ಅಧ್ಯಕ್ಷರಾದಾಗ ಪಾರ್ಕರ್ ಇಂಡಿಯನ್, ಅಂದರೆ ಅಮೆರಿಕದ ಮೂಲನಿವಾಸಿಗಳ, ವ್ಯವಹಾರಗಳ ಆಯುಕ್ತರಾದರು. ಆ ಕುರ್ಚಿಗೆ ಬಂದ ಮೊದಲ ಮೂಲನಿವಾಸಿ. ಆರೋಪ ಬಂತು, ಸಂಸತ್ತಿನ ಸಮಿತಿ ತನಿಖೆ ಮಾಡಿ ವಂಚನೆ ಇಲ್ಲ ಎಂದಿತು. ಆದರೂ ಅಧಿಕಾರ ಮೊಟಕಾದ ಮೇಲೆ 1871ರಲ್ಲಿ ಬಿಟ್ಟು ಬಂದರು. ಷೇರುಪೇಟೆಯಲ್ಲಿ ಗಳಿಸಿದ್ದೂ ಅಲ್ಲೇ ಕರಗಿತು. ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಕೊಡುವ ಕಾಯ್ದೆ ಬಂದದ್ದು 1924ರಲ್ಲಿ. ಪಾರ್ಕರ್ ತೀರಿಕೊಂಡದ್ದು 1895ರಲ್ಲಿ.

ಬದುಕಿನ ಕೊನೆಯ ಸುಮಾರು ಎರಡು ದಶಕ ಅವರು ನ್ಯೂಯಾರ್ಕ್ ನಗರದ ಪೊಲೀಸ್ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ಯಾವ ವಿಭಾಗ ಗೊತ್ತಾ? ರಿಪೇರಿ ಮತ್ತು ಸಾಮಾನು ಪೂರೈಕೆ. ಮಲ್ಬೆರಿ ಸ್ಟ್ರೀಟಿನ ಕಚೇರಿಯಲ್ಲಿ, ಸರ್ಕಾರಿ ಕಟ್ಟಡಗಳ ರಿಪೇರಿಯ ಕಾಗದಗಳ ನಡುವೆ, ಮೇಜಿನ ಮುಂದೆ ಕೂತು ಮತ್ತೆ ಲೆಕ್ಕ ಬರೆಯುತ್ತಿದ್ದರು.